ಮೊದಲು ಹುಡುಗರು, ಆಮೇಲೆ ದುಡ್ಡು: ಹೋಲಿ ಕ್ರಾಸ್ ಕಾಲೇಜಿನ ವಿದ್ಯಾರ್ಥಿವೇತನದ ಒಂದು ಪ್ರಕರಣ

1968ರ ವಸಂತಕಾಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್ ಊರಿನಿಂದ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಧರ್ಮಸಭೆಗೆ ಸೇರಿದ ಜಾನ್ ಬ್ರೂಕ್ಸ್ ಎಂಬ ಪಾದ್ರಿ ಕಾರು ಹತ್ತಿ ಫಿಲಡೆಲ್ಫಿಯಾ ಕಡೆಗೆ ಹೊರಟರು. ಅವರು ಹೋಲಿ ಕ್ರಾಸ್ ಕಾಲೇಜಿನಲ್ಲಿ ಧರ್ಮಶಾಸ್ತ್ರದ ಮೇಷ್ಟ್ರು. ಫಿಲಡೆಲ್ಫಿಯಾದ ಕ್ಯಾಥೊಲಿಕ್ ಹೈಸ್ಕೂಲುಗಳಿಗೆ ಹೋಗಿ, ಚೆನ್ನಾಗಿ ಓದುವ ಕಪ್ಪು ಜನಾಂಗದ ಹುಡುಗರನ್ನು ಮಾತಾಡಿಸಿದರು. ನಮ್ಮ ಕಾಲೇಜಿಗೆ ಬನ್ನಿ, ಖರ್ಚಿನ ಚಿಂತೆ ಬೇಡ ಎಂದು ಭರವಸೆ ಕೊಟ್ಟು ಬಂದರು. ಆ ಭರವಸೆ ಕೊಡುವ ಹೊತ್ತಿಗೆ ಅಷ್ಟು ಹಣಕ್ಕೆ ಟ್ರಸ್ಟಿಗಳ ಮಂಜೂರಾತಿ ಸಿಕ್ಕಿರಲಿಲ್ಲ.

ಈ ಬರಹ ಆ ಭರವಸೆಯ ಬಗ್ಗೆ. ಅದಕ್ಕೆ ಮುಂಚೆ ಏನಿತ್ತು, ಆಮೇಲೆ ಏನಾಯಿತು, ಹಣ ಎಲ್ಲಿಂದ ಬಂತು, ಹಳೆಯ ವಿದ್ಯಾರ್ಥಿಗಳು ಕೊಡುವ ನೂರಿನ್ನೂರು ಡಾಲರ್ ಅಲ್ಲಿ ಎಂಥ ಕೆಲಸ ಮಾಡುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ವಿದ್ಯಾರ್ಥಿವೇತನ ಅಂದ ಕೂಡಲೇ ನಾವು ಹಣದಿಂದ ಶುರು ಮಾಡುತ್ತೇವೆ. ಎಷ್ಟು ಇದೆ, ಯಾರು ಕೊಟ್ಟರು, ಯಾರಿಗೆ ಹಂಚಬೇಕು. ಬ್ರೂಕ್ಸ್ ಶುರು ಮಾಡಿದ್ದು ಹುಡುಗರಿಂದ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅದೇ.

ಗುಡ್ಡದ ಮೇಲಿನ ಕಾಲೇಜು

ಹೋಲಿ ಕ್ರಾಸ್ ಹುಟ್ಟಿದ್ದು 1843ರಲ್ಲಿ. ಬಾಸ್ಟನ್ನಿನ ಬಿಷಪ್ ಬೆನೆಡಿಕ್ಟ್ ಫೆನ್‌ವಿಕ್ ಅದನ್ನು ಕಟ್ಟಿಸಿ ಜೆಸ್ವಿಟರ ಕೈಗೆ ಕೊಟ್ಟರು. ನ್ಯೂ ಇಂಗ್ಲೆಂಡ್ ಸೀಮೆಯ ಅತ್ಯಂತ ಹಳೆಯ ಕ್ಯಾಥೊಲಿಕ್ ಕಾಲೇಜು ಇದು. ಇಲ್ಲಿ ಪದವಿ ತರಗತಿಗಳಷ್ಟೇ ಇವೆ, ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯವಲ್ಲ. ಈಗಲೂ ಸುಮಾರು ಮೂರು ಸಾವಿರ ವಿದ್ಯಾರ್ಥಿಗಳು. ಇಂಥವನ್ನು ಅಲ್ಲಿ ಲಿಬರಲ್ ಆರ್ಟ್ಸ್ ಕಾಲೇಜು ಅನ್ನುತ್ತಾರೆ. ಅಂದರೆ ಗಣಿತ ಓದುವ ಹುಡುಗನೂ ತತ್ವಶಾಸ್ತ್ರ ಓದಬೇಕು, ರಸಾಯನಶಾಸ್ತ್ರದ ಹುಡುಗಿಯೂ ಕಾವ್ಯ ಓದಬೇಕು.

ಶುರುವಿನ ದಿನಗಳು ಸುಲಭವಾಗಿರಲಿಲ್ಲ. ಆಗ ಅಲ್ಲಿ ಕ್ಯಾಥೊಲಿಕರನ್ನು ಕಂಡರೆ ಅನುಮಾನ. ರಾಜ್ಯದ ಶಾಸನಸಭೆ ಈ ಕಾಲೇಜಿಗೆ ಪದವಿ ಕೊಡುವ ಅಧಿಕಾರ ಕೊಟ್ಟಿದ್ದು 1865ರಲ್ಲಿ. ಅಲ್ಲಿಯವರೆಗೆ ವಾಷಿಂಗ್ಟನ್‌ನ ಜಾರ್ಜ್‌ಟೌನ್ ಕಾಲೇಜಿನ ಹೆಸರಿನಲ್ಲಿ ಪದವಿ ಪತ್ರ ಬರಬೇಕಿತ್ತು. 1852ರಲ್ಲಿ ಬೆಂಕಿ ಬಿದ್ದು ಕಟ್ಟಡದ ಬಹುಪಾಲು ಸುಟ್ಟುಹೋಯಿತು. ಕಾಲೇಜು ಮುಚ್ಚಿಯೇ ಹೋಗುತ್ತದೆ ಅನ್ನುವ ಸ್ಥಿತಿ. ಮತ್ತೆ ಕಟ್ಟಿ ನಿಲ್ಲಿಸಿದರು.

ಈ ಹಳೆಯ ಕಥೆಯಲ್ಲಿ ಎರಡು ಹೆಸರುಗಳನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತವೆ.

ಒಂದು, ಥಾಮಸ್ ಮಲೆಡಿ. ಕಾಲೇಜಿನ ಮೊದಲ ಅಧ್ಯಕ್ಷ. ಇಲ್ಲಿಗೆ ಬರುವ ಮುಂಚೆ ಮೇರಿಲ್ಯಾಂಡ್ ಪ್ರಾಂತ್ಯದ ಜೆಸ್ವಿಟರ ಮುಖ್ಯಸ್ಥರಾಗಿದ್ದರು. 1838ರಲ್ಲಿ ಅವರ ಮುಂದಾಳತ್ವದಲ್ಲಿ 272 ಮಂದಿ ಗುಲಾಮರನ್ನು ಮಾರಲಾಯಿತು. ಗಂಡಸರು, ಹೆಂಗಸರು, ಮಕ್ಕಳು. ಆ ಹಣದ ಒಂದು ಪಾಲು ಜಾರ್ಜ್‌ಟೌನ್ ಕಾಲೇಜಿನ ಸಾಲ ತೀರಿಸಲು ಹೋಯಿತು. ವಿದ್ಯೆಯ ಖರ್ಚಿಗೆ ಮನುಷ್ಯರನ್ನು ಮಾರಿದ ಲೆಕ್ಕ ಅದು.

ಇನ್ನೊಂದು, ಜೇಮ್ಸ್ ಹೀಲಿ. ಜಾರ್ಜಿಯಾದ ತೋಟದ ಮಾಲೀಕ, ಐರ್ಲೆಂಡಿನಿಂದ ಬಂದ ಮೈಕಲ್ ಹೀಲಿಯ ಮಗ. ತಾಯಿ ಮೇರಿ ಎಲಿಜಾ ಅದೇ ತೋಟದ ಗುಲಾಮಿ ಹೆಣ್ಣು. ಅಲ್ಲಿನ ಕಾನೂನಿನ ಪ್ರಕಾರ ತಾಯಿ ಗುಲಾಮಳಾದರೆ ಮಕ್ಕಳೂ ಗುಲಾಮರೇ. ಅಂಥ ಹುಡುಗ 1849ರಲ್ಲಿ ಹೋಲಿ ಕ್ರಾಸ್‌ನ ಮೊದಲ ತಂಡದಲ್ಲಿ ಮೊದಲಿಗನಾಗಿ ಪಾಸಾದ. 1875ರಲ್ಲಿ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನ ಬಿಷಪ್ ಆದ. ಅವನ ತಮ್ಮ ಪ್ಯಾಟ್ರಿಕ್ ಮುಂದೆ ಜಾರ್ಜ್‌ಟೌನ್‌ಗೇ ಅಧ್ಯಕ್ಷನಾದ. 272 ಜನರನ್ನು ಮಾರಿ ಸಾಲ ತೀರಿಸಿಕೊಂಡ ಅದೇ ಜಾರ್ಜ್‌ಟೌನ್.

ಇಷ್ಟೆಲ್ಲ ಇದ್ದರೂ, ಹೀಲಿಯ ನಂತರದ ಒಂದು ನೂರು ವರ್ಷ ಗುಡ್ಡದ ಮೇಲೆ ಕಪ್ಪು ಮುಖಗಳು ಅಪರೂಪವೇ. 1960ರ ದಶಕದ ನಡುವೆಯೂ ಎರಡು ಸಾವಿರಕ್ಕೂ ಜಾಸ್ತಿ ಹುಡುಗರಿದ್ದ ಕಾಲೇಜಿನಲ್ಲಿ ಅವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಬಾಗಿಲು ಹಾಕಿರಲಿಲ್ಲ, ಆದರೆ ಹೊರಗೆ ಹೋಗಿ ಕರೆದವರೂ ಇರಲಿಲ್ಲ.

ಏಪ್ರಿಲ್ 4ರ ನಂತರ

1962ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇದೇ ಕಾಲೇಜಿಗೆ ಬಂದು ಭಾಷಣ ಮಾಡಿದ್ದರು. 1968ರ ಏಪ್ರಿಲ್ 4ರಂದು ಮೆಂಫಿಸ್‌ನಲ್ಲಿ ಅವರ ಕೊಲೆಯಾಯಿತು. ಅಮೆರಿಕದ ಎಷ್ಟೋ ಕಾಲೇಜುಗಳು ಆ ವಾರ ಪ್ರಾರ್ಥನೆ ಮಾಡಿದವು, ಬಾವುಟ ಅರ್ಧಕ್ಕೆ ಇಳಿಸಿದವು. ಹೋಲಿ ಕ್ರಾಸ್‌ನಲ್ಲಿ ಕಿಂಗ್ ಹೆಸರಿನಲ್ಲಿ ವಿದ್ಯಾರ್ಥಿವೇತನ ಕೊಡುವ ತೀರ್ಮಾನವೂ ಆಯಿತು. ಬ್ರೂಕ್ಸ್ ಇದರ ಬಗ್ಗೆ ಅದಕ್ಕೂ ಮುಂಚಿನಿಂದ ಅಧ್ಯಕ್ಷ ಫಾದರ್ ರೇಮಂಡ್ ಸ್ವೋರ್ಡ್ಸ್ ಹತ್ತಿರ ಹೇಳುತ್ತಲೇ ಬಂದಿದ್ದರು. ಈಗ ಕಾಯುವುದು ಬೇಡ ಅಂತ ಕಾರು ಹತ್ತಿದರು.

ಕಾಲೇಜು ಶುರುವಾಗುವುದಕ್ಕೆ ಕೆಲವೇ ತಿಂಗಳು ಉಳಿದಿತ್ತು. ಸಾಮಾನ್ಯವಾಗಿ ಆ ಹೊತ್ತಿಗೆ ಪ್ರವೇಶ ಪಟ್ಟಿ ಮುಗಿದು, ವಿದ್ಯಾರ್ಥಿವೇತನದ ಹಣ ಹಂಚಿಕೆಯಾಗಿರುತ್ತದೆ. ಬ್ರೂಕ್ಸ್ ಆ ಕ್ರಮವನ್ನೇ ತಿರುಗಿಸಿದರು. ಮೊದಲು ಹುಡುಗರನ್ನು ಹುಡುಕಿ, ಬರುತ್ತೀರಾ ಅಂತ ಕೇಳಿ, ಆಮೇಲೆ ಕಾಲೇಜಿಗೆ ಬಂದು ಇವರಿಗೆ ಹಣ ಬೇಕು ಅಂದರು. ಆ ಸೆಪ್ಟೆಂಬರ್‌ನಲ್ಲಿ ಸುಮಾರು 20 ಕಪ್ಪು ವಿದ್ಯಾರ್ಥಿಗಳು ಗುಡ್ಡ ಹತ್ತಿದರು. ಅಲ್ಲಿಯವರೆಗೆ ಒಂದು ವರ್ಷಕ್ಕೆ ಒಬ್ಬರೋ ಇಬ್ಬರೋ ಬರುತ್ತಿದ್ದ ಜಾಗ ಅದು.

ಯಾರು ಬಂದರು ಅಂತ ನೋಡಿದರೆ, ಈಗ ಆ ಪಟ್ಟಿ ಬೆರಗು ಹುಟ್ಟಿಸುತ್ತದೆ. ವಾಷಿಂಗ್ಟನ್ ಡಿ.ಸಿ.ಯಿಂದ ಥಿಯೊಡೋರ್ ವೆಲ್ಸ್ ಬಂದರು, ಮುಂದೆ ಅಮೆರಿಕದ ಹೆಸರಾಂತ ಕ್ರಿಮಿನಲ್ ವಕೀಲರಲ್ಲಿ ಒಬ್ಬರು. ಡೆಟ್ರಾಯಿಟ್‌ನಿಂದ ಸ್ಟ್ಯಾನ್ಲಿ ಗ್ರೇಸನ್, ಮುಂದೆ ನ್ಯೂಯಾರ್ಕ್ ನಗರದ ಡೆಪ್ಯುಟಿ ಮೇಯರ್. ನ್ಯೂಯಾರ್ಕಿನಿಂದ ಎಡ್ಡಿ ಜೆಂಕಿನ್ಸ್, 1972ರಲ್ಲಿ ಒಂದೂ ಪಂದ್ಯ ಸೋಲದ ಮಯಾಮಿ ಡಾಲ್ಫಿನ್ಸ್ ಫುಟ್‌ಬಾಲ್ ತಂಡದ ಆಟಗಾರ, ಆಮೇಲೆ ವಕೀಲ. ಪಾದ್ರಿಯಾಗಲು ಓದುವ ಮಿಸೌರಿಯ ಸೆಮಿನರಿ ಬಿಟ್ಟು ಕ್ಲಾರೆನ್ಸ್ ಥಾಮಸ್ ಬಂದರು, 1991ರಿಂದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ. ಒಂದು ವಿಷಯ ಇಲ್ಲಿ ಸ್ಪಷ್ಟ ಮಾಡಬೇಕು. ಥಾಮಸ್ ಬ್ರೂಕ್ಸ್ ಹುಡುಕಿ ತಂದವರಲ್ಲ. ತಾವೇ ಅರ್ಜಿ ಹಾಕಿ, ಎರಡನೇ ವರ್ಷಕ್ಕೆ ಸೇರಿಕೊಂಡವರು. ಬಂದ ಮೇಲೆ ಬ್ರೂಕ್ಸ್ ಅವರಿಗೆ ಹತ್ತಿರವಾದರು.

ಈ ಪಟ್ಟಿಯಲ್ಲಿ ನನ್ನ ಮನಸ್ಸು ಹೋಗಿ ನಿಲ್ಲುವುದು ಎಡ್ವರ್ಡ್ ಜೋನ್ಸ್ ಹತ್ತಿರ. ಅವರೂ ವಾಷಿಂಗ್ಟನ್‌ನವರು. ತಾಯಿಗೆ ಓದು ಬರಹ ಬರುತ್ತಿರಲಿಲ್ಲ. ಹೋಟೆಲಿನಲ್ಲಿ ಪಾತ್ರೆ ತೊಳೆದು ಮಕ್ಕಳನ್ನು ಸಾಕಿದ ಹೆಂಗಸು. ಬಾಡಿಗೆ ಕಟ್ಟಲಾಗದೆ ಮನೆಯಿಂದ ಮನೆಗೆ ಹೋಗಿದ್ದೇ ಹೋಗಿದ್ದು. ಜೋನ್ಸ್‌ಗೆ 18 ತುಂಬುವ ಹೊತ್ತಿಗೆ 18 ಮನೆ ಬದಲಾಗಿದ್ದವು. ಇಂಥ ಮನೆಯಿಂದ ಬಂದ ಹುಡುಗ ಹೋಲಿ ಕ್ರಾಸ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ. 2004ರಲ್ಲಿ ಅವರ ಕಾದಂಬರಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಆ ಕಾದಂಬರಿ ಇರುವುದು ಗುಲಾಮಗಿರಿಯ ಕಾಲದ ಬಗ್ಗೆಯೇ. ಮಲೆಡಿ ಮೊದಲ ಅಧ್ಯಕ್ಷರಾಗಿದ್ದ ಕಾಲೇಜಿನಲ್ಲಿ ಓದಿದವನು ಅದನ್ನು ಬರೆದ.

ಹೆಸರು ಮಾಡಿದ ಐದು ಜನರನ್ನು ತೋರಿಸಿ ವಿದ್ಯಾರ್ಥಿವೇತನ ಗೆದ್ದಿತು ಅನ್ನುವುದು ಸುಲಭ. ಉಳಿದ ಹದಿನೈದು ಜನರ ಲೆಕ್ಕ ಎಲ್ಲಿ? ಕೆಲವರು ಮಧ್ಯದಲ್ಲೇ ಬಿಟ್ಟುಹೋದರು. ಹಲವರು ಓದು ಮುಗಿಸಿ, ಹೆಸರು ಸುದ್ದಿಗೆ ಬಾರದ ಹಾಗೆ ಬದುಕಿದರು. ಅವರ ಬದುಕಿಗೂ ಆ ನಾಲ್ಕು ವರ್ಷ ಅಷ್ಟೇ ಬೆಲೆಯುಳ್ಳದ್ದು. ಹೀಗಾಗಿ ಈ ಪ್ರಕರಣವನ್ನು ಗಣ್ಯರ ಪಟ್ಟಿಯಿಂದ ಅಳೆಯುವುದಕ್ಕೆ ನನಗೆ ಮನಸ್ಸಿಲ್ಲ. ಮುಂದಿನ ವರ್ಷ ನಡೆದ ಘಟನೆಯಿಂದ ಅಳೆಯುವುದು ಜಾಸ್ತಿ ಸರಿ.

1969ರ ಡಿಸೆಂಬರ್

ಶುಲ್ಕ ಮನ್ನಾ ಮಾಡಿ ಕರೆದುಕೊಂಡು ಬಂದಾಯಿತು. ಆದರೆ ಬಂದ ಹುಡುಗರಿಗೆ ಅಲ್ಲಿ ಯಾವುದೂ ತಮ್ಮದಾಗಿರಲಿಲ್ಲ. ಚಳಿ ಬೇರೆ, ಊಟ ಬೇರೆ, ಮಾತು ಬೇರೆ. ತಲೆಗೂದಲು ಕತ್ತರಿಸಲು ಗೊತ್ತಿರುವ ಕ್ಷೌರಿಕನಿಂದ ಹಿಡಿದು ಮನಸ್ಸು ಬಿಚ್ಚಿ ಮಾತಾಡಬಹುದಾದ ಮೇಷ್ಟ್ರ ತನಕ ಎಲ್ಲದಕ್ಕೂ ಬರ. ಹುಡುಗರು ಸೇರಿ ಕಪ್ಪು ವಿದ್ಯಾರ್ಥಿಗಳ ಸಂಘ ಕಟ್ಟಿಕೊಂಡರು. ಹಾಸ್ಟೆಲಿನಲ್ಲಿ ಒಂದು ಕಾರಿಡಾರ್ ನಮಗೆ ಬಿಟ್ಟುಕೊಡಿ, ಒಟ್ಟಿಗೆ ಇರುತ್ತೇವೆ ಅಂತ ಕೇಳಿದರು. ಈ ಬೇಡಿಕೆಗೆ ಅವರಲ್ಲೇ ಭಿನ್ನಾಭಿಪ್ರಾಯ ಇತ್ತು. ಥಾಮಸ್ ವಿರುದ್ಧ ಮತ ಹಾಕಿದರು. ಎಲ್ಲರೊಡನೆ ಬೆರೆಯಲು ಬಂದವರು ಬೇರೆ ಇರುವುದೇಕೆ ಅನ್ನುವುದು ಅವರ ವಾದ. ಕೊನೆಗೆ ಕಾರಿಡಾರ್ ಸಿಕ್ಕಿತು, ಥಾಮಸ್ ಕೂಡ ಅಲ್ಲಿಗೇ ಬಂದರು, ತಮ್ಮ ಬಿಳಿಯ ರೂಂಮೇಟ್ ಜೊತೆಗೆ.

ಅದೇ ಸಂಘದ ಹುಡುಗರು ವುಸ್ಟರ್ ಊರಿನ ಬಡ ಮಕ್ಕಳಿಗೆ ಬೆಳಗಿನ ತಿಂಡಿ ಕೊಡುವ ಕೆಲಸವನ್ನೂ ಶುರು ಮಾಡಿದರು. ಯಾರದೋ ನೆರವಿನಲ್ಲಿ ಓದುತ್ತಿದ್ದವರು ಓದುತ್ತಿರುವಾಗಲೇ ಇನ್ನೊಬ್ಬರ ತಟ್ಟೆಗೆ ಬಡಿಸಿದರು. ಕೊಡುವುದನ್ನು ಅವರು ಪದವಿ ಸಿಗುವ ತನಕ ಮುಂದಕ್ಕೆ ಹಾಕಲಿಲ್ಲ.

1969ರ ಡಿಸೆಂಬರ್‌ನಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯವರು ಕೆಲಸಕ್ಕೆ ಜನ ಆರಿಸಲು ಕ್ಯಾಂಪಸ್‌ಗೆ ಬಂದರು. ವಿಯೆಟ್ನಾಂ ಯುದ್ಧದ ಕಾಲ. ಯುದ್ಧ ವಿರೋಧಿ ವಿದ್ಯಾರ್ಥಿಗಳು ಸಂದರ್ಶನದ ಕೋಣೆಗೆ ಅಡ್ಡ ನಿಂತರು. ಹತ್ತಾರು ಹುಡುಗರ ಆ ಗುಂಪಿನಲ್ಲಿ ಹೆಚ್ಚಿನವರು ಬಿಳಿಯರು. ಕಪ್ಪು ವಿದ್ಯಾರ್ಥಿಗಳು ಕೆಲವೇ ಕೆಲವರು. ಶಿಸ್ತು ಕ್ರಮಕ್ಕೆ ಹೆಸರು ಬರೆದುಕೊಂಡಿದ್ದು 16 ಜನರದು. ಅದರಲ್ಲಿ ನಾಲ್ವರು ಕಪ್ಪು ಹುಡುಗರು. ಅಲ್ಲಿದ್ದ ಕಪ್ಪು ಹುಡುಗರಲ್ಲಿ ಹೆಚ್ಚುಕಡಿಮೆ ಎಲ್ಲರೂ ಸಿಕ್ಕಿಬಿದ್ದರು, ಬಿಳಿಯರಲ್ಲಿ ಕೆಲವರು ಮಾತ್ರ. ಕಾರಣ ಸರಳ. ಬಿಳಿಯ ಹುಡುಗರ ಗುಂಪಿನಲ್ಲಿ ಯಾರು ಯಾರು ಅಂತ ಗುರುತಿಸುವುದು ಕಷ್ಟ. ಇಡೀ ಕಾಲೇಜಿನಲ್ಲಿ ತೀರಾ ಕಡಿಮೆ ಇದ್ದ ಕಪ್ಪು ಹುಡುಗರ ಮುಖ ಮಾತ್ರ ಎಲ್ಲರಿಗೂ ಗೊತ್ತು.

ಶಿಕ್ಷೆ ಪ್ರಕಟವಾಯಿತು. ಸಂಘದವರು ರಾತ್ರಿ ಕೂತು ಮಾತಾಡಿದರು. ಮಾರನೆಯ ದಿನ ಸುಮಾರು 60 ಕಪ್ಪು ವಿದ್ಯಾರ್ಥಿಗಳು, ಅಂದರೆ ಹೆಚ್ಚುಕಡಿಮೆ ಅವರೆಲ್ಲರೂ, ಗಂಟುಮೂಟೆ ಕಟ್ಟಿಕೊಂಡು ಕಾಲೇಜು ಬಿಟ್ಟು ಹೊರಟರು.

ಇದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಹೊರಟವರಲ್ಲಿ ಬಹಳ ಜನಕ್ಕೆ ಇದ್ದ ಒಂದೇ ದಾರಿ ಆ ವಿದ್ಯಾರ್ಥಿವೇತನ. ಬಿಟ್ಟುಹೋದರೆ, ಕಾಲೇಜಿನಲ್ಲಿ ಓದುವವರಿಗೆ ಕಡ್ಡಾಯ ಸೈನ್ಯಸೇವೆಯಿಂದ ಇದ್ದ ರಿಯಾಯಿತಿ ಹೋಗಿ ಸೈನ್ಯದ ಕರೆ ಬರಬಹುದು, ಮುಂದೆ ವಿಯೆಟ್ನಾಂ. ಊರಿನಲ್ಲಿ ಅಪ್ಪ ಅಮ್ಮ ನಮ್ಮ ಹುಡುಗ ಕಾಲೇಜಿನಲ್ಲಿದ್ದಾನೆ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಾರೆ. ಹತ್ತೊಂಬತ್ತು, ಇಪ್ಪತ್ತರ ವಯಸ್ಸು. ಅಷ್ಟಾದರೂ ಹೊರಟರು. ನಿಮ್ಮ ಹಣದಲ್ಲಿ ಓದುತ್ತಿದ್ದೇವೆ ಅಂದ ಮಾತ್ರಕ್ಕೆ ಅನ್ಯಾಯವನ್ನು ಸಹಿಸಬೇಕಿಲ್ಲ ಅಂತ ಅವರು ನಡೆದೇ ತೋರಿಸಿದರು.

ಕಾಲೇಜಿನೊಳಗೆ ತರಗತಿಗಳು ನಿಂತವು. ಬ್ರೂಕ್ಸ್ ಹುಡುಗರ ಪರ ಮಾತಾಡಿದರು. ಕೆಲವೇ ದಿನಗಳಲ್ಲಿ ಅಧ್ಯಕ್ಷ ಸ್ವೋರ್ಡ್ಸ್ 16 ಜನರಿಗೂ ಕ್ಷಮಾದಾನ ಕೊಟ್ಟರು, ಕಪ್ಪು ಬಿಳುಪು ಅನ್ನದೆ ಎಲ್ಲರಿಗೂ. ಹುಡುಗರು ವಾಪಸ್ ಬಂದರು. 1970ರಲ್ಲಿ ಬ್ರೂಕ್ಸ್ ಅವರೇ ಅಧ್ಯಕ್ಷರಾದರು, 1994ರ ತನಕ ಇದ್ದರು. 1972ರಲ್ಲಿ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು.

ಆ ಡಿಸೆಂಬರ್‌ನಲ್ಲಿ ಕ್ಷಮಾದಾನ ಬಾರದಿದ್ದರೆ? 1968ರಲ್ಲಿ ಕೊಟ್ಟ ಹಣವೆಲ್ಲ ಸುಮ್ನೆ ನೀರಿಗೆ ಹಾಕಿದಂತೆ ಆಗುತ್ತಿತ್ತು. ಓದು ಉಳಿದದ್ದು ಹಣದಿಂದಲ್ಲ, ಆ ಕೆಲವು ದಿನ ಕಾಲೇಜು ತನ್ನ ತಪ್ಪನ್ನು ಒಪ್ಪಿಕೊಂಡದ್ದರಿಂದ. ದಾನಿಗಳಿಗೆ ಕಳುಹಿಸುವ ವಾರ್ಷಿಕ ವರದಿಯಲ್ಲಿ ಇಂಥ ಖರ್ಚಿಗೆ ಒಂದು ಸಾಲೂ ಇರುವುದಿಲ್ಲ, ಅಲ್ವಾ?

ಹಣ ಬರುವ ದಾರಿ

ಈಗ ಲೆಕ್ಕಕ್ಕೆ ಬರೋಣ. ನಮ್ಮ ಕಡೆ ದತ್ತಿ ಬಹುಮಾನ ಅಂತ ಇರುತ್ತದೆ. ಯಾರೋ ತಂದೆಯ ಹೆಸರಿನಲ್ಲಿ ಇಷ್ಟು ಸಾವಿರ ಬ್ಯಾಂಕಿನಲ್ಲಿ ಇಡುತ್ತಾರೆ. ಅದರ ಬಡ್ಡಿಯಲ್ಲಿ ವರ್ಷಕ್ಕೊಬ್ಬರಿಗೆ ಬಹುಮಾನ. ಅಮೆರಿಕದ ಕಾಲೇಜುಗಳ ದತ್ತಿ ನಿಧಿಯೂ ಇದೇ ಲೆಕ್ಕ, ಗಾತ್ರ ಮಾತ್ರ ಬೇರೆ. ಇಡಗಂಟನ್ನು ಮುಟ್ಟುವುದಿಲ್ಲ. ಅದನ್ನು ಷೇರು, ಬಾಂಡ್ ಮುಂತಾದ ಕಡೆ ತೊಡಗಿಸಿ, ವರ್ಷಕ್ಕೆ ಸಾಮಾನ್ಯವಾಗಿ ಶೇ. 4.5ರಿಂದ 5ರಷ್ಟು ತೆಗೆದು ಖರ್ಚು ಮಾಡುತ್ತಾರೆ. ಹೋಲಿ ಕ್ರಾಸ್‌ನ ದತ್ತಿ ನಿಧಿ ಈಗ ನೂರು ಕೋಟಿ ಡಾಲರ್ ದಾಟಿದೆ.

ಕೇಳುವುದಕ್ಕೆ ಬಹಳ ದೊಡ್ಡದು. ಆದರೆ ಅಲ್ಲಿ ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ಓದು, ವಸತಿ, ಊಟ ಎಲ್ಲ ಸೇರಿ 80,000 ಡಾಲರ್ ಮೀರಿದೆ. ಒಬ್ಬನಿಗೆ ಪೂರ್ತಿ ವಿದ್ಯಾರ್ಥಿವೇತನ ಶಾಶ್ವತವಾಗಿ ಇಡಬೇಕು ಅಂದರೆ ಇಡಗಂಟು ಎಷ್ಟು ಬೇಕು? ಶೇ. 5ರ ಲೆಕ್ಕದಲ್ಲಿ 16 ಲಕ್ಷ ಡಾಲರ್. ಒಬ್ಬ ವಿದ್ಯಾರ್ಥಿಗೆ, ಅಷ್ಟೇ. ಇಷ್ಟು ಕೊಡುವ ಹಳೆಯ ವಿದ್ಯಾರ್ಥಿ ಸಾವಿರಕ್ಕೆ ಒಬ್ಬ ಸಿಕ್ಕರೆ ಪುಣ್ಯ.

ಇನ್ನೊಂದು ದಾರಿ ಇದೆ. 800 ಜನ ತಲಾ 100 ಡಾಲರ್ ಕೊಡಲಿ. ಆ ವರ್ಷದ 80,000 ಬಂತು. ಮುಂದಿನ ವರ್ಷ ಅವರೇ ಮತ್ತೆ ಕೊಡಲಿ. 16 ಲಕ್ಷದ ಇಡಗಂಟು ಮಾಡುವ ಕೆಲಸವನ್ನು ಎಂಟು ನೂರು ಸಾಮಾನ್ಯ ಜನರ ಅಭ್ಯಾಸ ಮಾಡಿಬಿಡುತ್ತದೆ. ಶಾಲಾ ಮೇಷ್ಟ್ರು, ನರ್ಸು, ಬ್ಯಾಂಕಿನ ಗುಮಾಸ್ತ, ಯಾರಾದರೂ ಆಗಬಹುದು. ಹೋಲಿ ಕ್ರಾಸ್ ಹೆಸರು ಮಾಡಿದ್ದು ಈ ವಿಷಯದಲ್ಲಿಯೇ. ಅಲ್ಲಿನ ಹಳೆಯ ವಿದ್ಯಾರ್ಥಿಗಳಲ್ಲಿ ಸುಮಾರು ಅರ್ಧದಷ್ಟು ಜನ ವರ್ಷ ವರ್ಷ ಏನಾದರೊಂದು ಕೊಡುತ್ತಿದ್ದ ಕಾಲವಿತ್ತು. ಅಮೆರಿಕದ ಕಾಲೇಜುಗಳ ಸರಾಸರಿ ನೋಡಿದರೆ ಹತ್ತರಲ್ಲಿ ಒಬ್ಬರೂ ಕೊಡುವುದಿಲ್ಲ.

ಇದು ತಾನಾಗಿ ಆಗುವುದಿಲ್ಲ. ಪ್ರತಿ ತಂಡಕ್ಕೂ, ಅಂದರೆ ಒಂದೇ ವರ್ಷ ಪಾಸಾದವರಿಗೆ, ಅವರಲ್ಲೇ ಕೆಲವರು ಸ್ವಯಂಸೇವಕರಾಗಿ ನಿಂತು ಫೋನ್ ಮಾಡುತ್ತಾರೆ, ಪತ್ರ ಬರೆಯುತ್ತಾರೆ. ಕಾಲೇಜಿನ ಕಚೇರಿಯಿಂದ ಬಂದ ಪತ್ರವನ್ನು ಕಸದ ಬುಟ್ಟಿಗೆ ಹಾಕುವುದು ಸುಲಭ. ಹಾಸ್ಟೆಲಿನಲ್ಲಿ ಪಕ್ಕದ ಮಂಚದಲ್ಲಿ ಮಲಗುತ್ತಿದ್ದವನ ಫೋನ್ ತೆಗೆಯದೇ ಇರುವುದು ಕಷ್ಟ. ಐದು ವರ್ಷಕ್ಕೊಮ್ಮೆ ತಂಡದವರೆಲ್ಲ ಸೇರುತ್ತಾರೆ, ಆಗ ಯಾವ ತಂಡ ಎಷ್ಟು ಜನರಿಂದ ಕೊಡಿಸಿತು ಅನ್ನುವ ಪೈಪೋಟಿ. ಎಷ್ಟು ಡಾಲರ್ ಅನ್ನುವುದಕ್ಕಿಂತ ಎಷ್ಟು ಜನ ಅನ್ನುವುದನ್ನು ಅಲ್ಲಿ ಗಂಭೀರವಾಗಿ ಎಣಿಸುತ್ತಾರೆ. ನಮ್ಮ ಎಷ್ಟೋ ಹಳೆಯ ವಿದ್ಯಾರ್ಥಿ ಸಂಘಗಳು ವರ್ಷಕ್ಕೊಂದು ಊಟ, ಒಂದು ಗ್ರೂಪ್ ಫೋಟೊದಲ್ಲಿ ಮುಗಿಯುತ್ತವೆ. ಇಬ್ಬರು ಶ್ರೀಮಂತರನ್ನು ವೇದಿಕೆ ಹತ್ತಿಸಿ ಶಾಲು ಹೊದಿಸಿದರೆ ಉಳಿದ ಇನ್ನೂರು ಜನ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಆ ಇನ್ನೂರು ಜನರನ್ನು ಯಾರೂ ಕೇಳಿರುವುದೇ ಇಲ್ಲ.

ಎಷ್ಟು ಜನ ಕೊಡುತ್ತಾರೆ ಅನ್ನುವುದನ್ನು ಎಣಿಸಲು ಇನ್ನೊಂದು ಕಾರಣವೂ ಇತ್ತು, ಅದು ಅಷ್ಟು ಪವಿತ್ರವಾದದ್ದಲ್ಲ. ಯು.ಎಸ್. ನ್ಯೂಸ್ ಪತ್ರಿಕೆ ಮಾಡುವ ಕಾಲೇಜುಗಳ ಶ್ರೇಯಾಂಕದಲ್ಲಿ ಈ ಪ್ರಮಾಣಕ್ಕೂ ಅಂಕ ಇತ್ತು. 2023ರಲ್ಲಿ ಅದನ್ನು ತೆಗೆದುಹಾಕಿದರು. ಅಂಕಕ್ಕಾಗಿ ಕಾಲೇಜುಗಳು ಐದು ಡಾಲರ್ ಆದರೂ ಕೊಡಿ ಅಂತ ಬೆನ್ನು ಬೀಳುತ್ತಿದ್ದುದು ಇನ್ನಾದರೂ ಕಡಿಮೆಯಾಗಬಹುದು. ಅಂಕ ಹೋದ ಮೇಲೂ ಫೋನ್ ಮಾಡುವ ಕಾಲೇಜು ಯಾವುದು ಅಂತ ನೋಡಬೇಕು.

ಸಣ್ಣ ಕೊಡುಗೆಗೆ ಇರುವ ಇನ್ನೊಂದು ದೊಡ್ಡ ಗುಣ ಹೊರಗಿನವರಿಗೆ ಬೇಗ ಕಾಣುವುದಿಲ್ಲ. ದೊಡ್ಡ ಕೊಡುಗೆಗೆ ಷರತ್ತು ಅಂಟಿಕೊಂಡಿರುತ್ತದೆ. ಈ ವಿಷಯ ಓದುವವರಿಗೆ ಮಾತ್ರ, ಈ ಊರಿನವರಿಗೆ ಮಾತ್ರ, ಈ ಕಟ್ಟಡಕ್ಕೆ ಮಾತ್ರ. ವಾರ್ಷಿಕ ನಿಧಿಗೆ ಬರುವ ನೂರು ಡಾಲರ್‌ಗೆ ಸಾಮಾನ್ಯವಾಗಿ ಷರತ್ತು ಇರುವುದಿಲ್ಲ. ಕಾಲೇಜು ಎಲ್ಲಿ ಬೇಕೋ ಅಲ್ಲಿ ಖರ್ಚು ಮಾಡಬಹುದು. 1968ರಲ್ಲಿ ಬ್ರೂಕ್ಸ್ ಕೊಟ್ಟ ಮಾತಿಗೆ ಯಾವ ದಾನಿಯ ಷರತ್ತೂ ಹೊಂದುತ್ತಿರಲಿಲ್ಲ. ಅಂಥ ಮಾತನ್ನು ಉಳಿಸಿಕೊಳ್ಳಬೇಕಾದರೆ ಪೆಟ್ಟಿಗೆಯಲ್ಲಿ ಹೆಸರಿಲ್ಲದ ಹಣ ಸ್ವಲ್ಪವಾದರೂ ಇರಬೇಕು.

ದೊಡ್ಡ ದಾನಿಗಳನ್ನು ಹಗುರವಾಗಿ ಮಾತಾಡುವ ಉದ್ದೇಶ ನನಗಿಲ್ಲ. 1941ರಲ್ಲಿ ಪಾಸಾದ ಎಡ್ವರ್ಡ್ ಬೆನೆಟ್ ವಿಲಿಯಮ್ಸ್ ತಾವೇ ವಿದ್ಯಾರ್ಥಿವೇತನದಲ್ಲಿ ಓದಿದವರು. ಮುಂದೆ ವಾಷಿಂಗ್ಟನ್‌ನ ದೊಡ್ಡ ವಕೀಲರಾಗಿ, ಬಾಲ್ಟಿಮೋರ್ ಓರಿಯೋಲ್ಸ್ ಬೇಸ್‌ಬಾಲ್ ತಂಡದ ಮಾಲೀಕರಾಗಿ, ಕಾಲೇಜಿನ ಟ್ರಸ್ಟಿಯಾಗಿ ದುಡಿದರು. 1956ರ ತಂಡದ ಕಾರ್ನೀಲಿಯಸ್ ಪ್ರಯರ್ 2.5 ಕೋಟಿ ಡಾಲರ್ ಕೊಟ್ಟರು. ಅವರ ಹೆಸರಿನ ಕಲಾಕೇಂದ್ರ 2022ರಲ್ಲಿ ತೆರೆಯಿತು. 2020ರಲ್ಲಿ ಮುಗಿದ ದೊಡ್ಡ ನಿಧಿಸಂಗ್ರಹದಲ್ಲಿ 40 ಕೋಟಿ ಡಾಲರ್ ಗುರಿ ಮೀರಿ 42 ಕೋಟಿ ಬಂತು. ಆದರೆ ಕಟ್ಟಡಕ್ಕೆ ಹಣ ಹುಟ್ಟುವಷ್ಟು ಸಲೀಸಾಗಿ ವಿದ್ಯಾರ್ಥಿವೇತನಕ್ಕೆ ಹುಟ್ಟುವುದಿಲ್ಲ. ಕಟ್ಟಡ ಕಣ್ಣಿಗೆ ಕಾಣುತ್ತದೆ, ಕಲ್ಲಿನ ಮೇಲೆ ಹೆಸರು ಕೆತ್ತಬಹುದು. ಹುಡುಗ ಓದಿ ಮುಗಿಸಿ ಹೋಗಿಬಿಡುತ್ತಾನೆ.

ಓದಿದವರು ತಿರುಗಿ ಬಂದ ಬಗೆ

1968ರ ಹುಡುಗರು ಋಣ ತೀರಿಸಿದರಾ? ಹಾಗೆ ಕೇಳುವುದೇ ತಪ್ಪು ಅಂತ ನನ್ನ ಅಭಿಪ್ರಾಯ. ಆದರೂ ನಡೆದದ್ದನ್ನು ಹೇಳುತ್ತೇನೆ. ವೆಲ್ಸ್, ಥಾಮಸ್, ಗ್ರೇಸನ್ ಮೂವರೂ ಬೇರೆ ಬೇರೆ ಕಾಲದಲ್ಲಿ ಕಾಲೇಜಿನ ಟ್ರಸ್ಟಿಗಳಾದರು. ಬ್ಯಾಗು ಎತ್ತಿಕೊಂಡು ಹೊರಟುಹೋಗಿದ್ದ ಹುಡುಗರು ಅದೇ ಕಾಲೇಜಿನ ಹಣ ಎಲ್ಲಿ ಹೋಗಬೇಕು ಅಂತ ತೀರ್ಮಾನಿಸುವ ಮೇಜಿನ ಮುಂದೆ ಕೂತರು. ಚೆಕ್ ಬರೆಯುವುದಕ್ಕಿಂತ ಇದು ದೊಡ್ಡ ಕೊಡುಗೆ.

ಎಲ್ಲರೂ ಒಂದೇ ದಾರಿ ಹಿಡಿಯಲಿಲ್ಲ. 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಥಾಮಸ್ ಬಹುಮತದ ಜೊತೆ ನಿಂತು, ಪ್ರತ್ಯೇಕ ಅಭಿಪ್ರಾಯವನ್ನೂ ಬರೆದರು. ಇಂಥ ಆದ್ಯತೆಯಿಂದ ಕಪ್ಪು ವಿದ್ಯಾರ್ಥಿಯ ಸ್ವಂತ ಸಾಧನೆಯ ಮೇಲೆ ಅನುಮಾನದ ನೆರಳು ಬೀಳುತ್ತದೆ ಅನ್ನುವುದು ಅವರು ಬಹಳ ವರ್ಷಗಳಿಂದ ಹೇಳಿಕೊಂಡು ಬಂದ ಮಾತು. ಈ ತೀರ್ಪನ್ನು ಒಪ್ಪುವುದು ನನಗೆ ಸಾಧ್ಯವಿಲ್ಲ. ಹೊರಗೆ ಹೋಗಿ ಕರೆಯದಿದ್ದರೆ ಆ ಗುಡ್ಡದ ಮೇಲೆ ಇನ್ನೊಂದು ನೂರು ವರ್ಷವೂ ಹಾಗೇ ಕಳೆಯುತ್ತಿತ್ತು. ಆದರೂ ಹಣ ಕೊಟ್ಟವರು ಹುಡುಗನ ಅಭಿಪ್ರಾಯ ಕೊಂಡುಕೊಂಡಿರುವುದಿಲ್ಲ. ಕಾರಿಡಾರ್ ಬೇಡ ಅಂತ ಮತ ಹಾಕಿದ ದಿನವೇ ಥಾಮಸ್ ಅದನ್ನು ಹೇಳಿದ್ದರು. ಬ್ರೂಕ್ಸ್ ಅವರನ್ನು ದೂರ ಮಾಡಲಿಲ್ಲ. 2012ರಲ್ಲಿ ಬ್ರೂಕ್ಸ್ ತೀರಿಕೊಳ್ಳುವ ತನಕ ಆ ಸ್ನೇಹ ಉಳಿಯಿತು.

2021ರಲ್ಲಿ ಹೋಲಿ ಕ್ರಾಸ್ ವಿನ್ಸೆಂಟ್ ರೂಜೋ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿಕೊಂಡಿತು. ಪಾದ್ರಿಯಲ್ಲದ ಮೊದಲ ಕಾಯಂ ಅಧ್ಯಕ್ಷ, ಮೊದಲ ಕಪ್ಪು ಅಧ್ಯಕ್ಷ.

ಮಂಗಳೂರಿನ ಓದುಗರಿಗೆ ಜೆಸ್ವಿಟರು ಹೊಸಬರಲ್ಲ. 1880ರಲ್ಲಿ ಕಾಲೇಜಾಗಿ ಶುರುವಾದ ಸಂತ ಅಲೋಶಿಯಸ್ ಕೂಡ ಗುಡ್ಡದ ಮೇಲೆಯೇ ಇದೆ, ಅದೇ ಸಭೆಯವರದು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಅವರ ಕೈಗೆ ಬಂದದ್ದು 1937ರಲ್ಲಿ. ಇಂಥ ಕಾಲೇಜುಗಳಲ್ಲಿ ಓದಿ ಈಗ ಕೊಲ್ಲಿ ದೇಶಗಳಲ್ಲೋ ಅಮೆರಿಕದಲ್ಲೋ ಇರುವವರಿಗೆ ಒಂದು ಮಾತು ಉಪಯೋಗಕ್ಕೆ ಬರಬಹುದು. ನಿಮ್ಮ ಹತ್ತಿರ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದರೆ, ನಿಮ್ಮ ಸ್ವಂತ ಉಳಿತಾಯದ ಹಣವನ್ನು ಬ್ಯಾಂಕ್ ಮೂಲಕ ಕಳುಹಿಸಿದಾಗ ಅದನ್ನು ವಿದೇಶಿ ದೇಣಿಗೆ ಅಂತ ಎಣಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ಕೂಡ, ಅದು ವಿದೇಶಿ ದೇಣಿಗೆಯೇ. ಆಗ ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆಯ ಕಾಯ್ದೆ) ನೋಂದಣಿ ಇಲ್ಲವೇ ಸರ್ಕಾರದ ಪೂರ್ವಾನುಮತಿ ಇರಲೇಬೇಕು. ಕಳುಹಿಸುವ ಮುಂಚೆ ಕಾಲೇಜಿನ ಕಚೇರಿಗೆ ಒಂದು ಫೋನ್ ಮಾಡಿ ಕೇಳಿಕೊಳ್ಳಿ. ಹಾಗೇ, ಈ ಹಣ ಯಾವ ಹುಡುಗಿಗೆ ಹೋಗುತ್ತದೆ ಅಂತ ಕೇಳುವ ಬದಲು, ಅರ್ಜಿ ಹಾಕಲೂ ಗೊತ್ತಿಲ್ಲದ ಹುಡುಗಿಯನ್ನು ಹುಡುಕಲು ನಿಮ್ಮಲ್ಲಿ ಯಾರು ಹೋಗುತ್ತಾರೆ ಅಂತ ಕೇಳಿ.

ವುಸ್ಟರ್‌ನ ಗುಡ್ಡದ ಮೇಲೆ ಹಾಸ್ಟೆಲುಗಳು ಸಾಲಾಗಿ ನಿಂತಿವೆ. ಆ ಸಾಲಿಗೆ ವಿದ್ಯಾರ್ಥಿಗಳು ಈಸಿ ಸ್ಟ್ರೀಟ್ ಅನ್ನುತ್ತಾರೆ. ಅದರಲ್ಲಿ ಒಂದಕ್ಕೆ ಬಹಳ ವರ್ಷ ಮಲೆಡಿಯ ಹೆಸರಿತ್ತು. 272 ಜನರ ಮಾರಾಟದ ವಿಷಯ ಮತ್ತೆ ಚರ್ಚೆಗೆ ಬಂದ ಮೇಲೆ, 2016ರಲ್ಲಿ ಆ ಹೆಸರಿನ ಮುಂದೆ ಬ್ರೂಕ್ಸ್ ಹೆಸರನ್ನು ಸೇರಿಸಿದರು, 2020ರಲ್ಲಿ ಮಲೆಡಿಯ ಹೆಸರನ್ನೇ ತೆಗೆದರು. ಅದೇ ಸಾಲಿನಲ್ಲಿ ಹೀಲಿ ಹೆಸರಿನ ಹಾಸ್ಟೆಲೂ ಇದೆ. 1969ರಲ್ಲಿ ಆ ಹುಡುಗರು ಕೇಳಿ ಪಡೆದ ಕಾರಿಡಾರ್ ಇದ್ದದ್ದು ಅಲ್ಲೇ. ಪ್ರತಿ ವರ್ಷ ಬೇಸಿಗೆ ರಜೆ ಮುಗಿಯುತ್ತಿದ್ದಂತೆ ಹೊಸ ಮಕ್ಕಳು ಅಪ್ಪ ಅಮ್ಮನ ಜೊತೆ ದಿಂಬು, ಹೊದಿಕೆ, ಪೆಟ್ಟಿಗೆ ಹೊತ್ತುಕೊಂಡು ಆ ಮೆಟ್ಟಿಲು ಹತ್ತುತ್ತಾರೆ.